ಏಳು ನಿಮಿಷ ಮುಂದಿದ್ದ ಗಡಿಯಾರ

"ಅದನ್ನ ಮುಟ್ಟಬೇಡಿ!"

ತನ್ನ ದನಿ ಅಷ್ಟು ಜೋರಾಗಿ ಬಂದದ್ದು ಕೇಳಿ ಅವಳಿಗೇ ಆಶ್ಚರ್ಯವಾಯಿತು. ಎಂಟು ತಿಂಗಳಿಂದ ಅವಳು ಯಾರೊಂದಿಗೂ ಗಟ್ಟಿಯಾಗಿ ಮಾತಾಡಿರಲಿಲ್ಲ.

ಅದು ಗ್ರಂಥಾಲಯದ ಮೇಲಂತಸ್ತಿನ ಹಾಲ್. ಭಾನುವಾರ ಬೆಳಿಗ್ಗೆ ಮುಕ್ತ ತಂತ್ರಾಂಶದ ಹುಚ್ಚು ಹಿಡಿದವರೆಲ್ಲ ಅಲ್ಲಿ ಸೇರಿ, ಯಾರು ಕಂಪ್ಯೂಟರ್ ತಂದರೂ ಕೂತು ಸರಿಮಾಡಿ ಕೊಡುತ್ತಿದ್ದರು. ಅವಳು ಮನೆಯ ಕಂಪ್ಯೂಟರನ್ನು ಹಾಸಿಗೆ ಹೊದಿಕೆಯಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟಿದ್ದಳಷ್ಟೆ. ಎದುರಿಗಿದ್ದವನು ಆಗಲೇ ಸ್ಕ್ರೂಡ್ರೈವರ್ ಹಿಡಿದು ಬಾಗಿಬಿಟ್ಟಿದ್ದ.

"ಮುಟ್ಟದೇನೇ ರಿಪೇರಿ ಮಾಡೋ ವಿದ್ಯೆ ನಂಗಿನ್ನೂ ಬಂದಿಲ್ಲ ರೀ..." ಅಂದ ಅವನು.

ಅಕ್ಕಪಕ್ಕದವರು ನಕ್ಕರು. ಅವಳು ನಗಲಿಲ್ಲ.

ಅವನನ್ನು ಅಲ್ಲಿ ಎಲ್ಲರೂ ಪೆಂಗ್ವಿನ್ ಅನ್ನುತ್ತಿದ್ದರು. ಲ್ಯಾಪ್‌ಟಾಪಿನ ಮೇಲೆ ಪೆಂಗ್ವಿನ್, ನೀರಿನ ಬಾಟಲಿಯ ಮೇಲೂ ಪೆಂಗ್ವಿನ್. ವಾರವಿಡೀ ಲಿಫ್ಟ್ ರಿಪೇರಿ ಮಾಡುವವನು, ಭಾನುವಾರ ಬಂತೆಂದರೆ ಪೆಂಗ್ವಿನ್ ಗುರುತಿನ ಆ ಮುಕ್ತ ತಂತ್ರಾಂಶ, ಲಿನಕ್ಸ್ ಅಂತ ಕುಣಿಯುತ್ತಿದ್ದ.

"ಆನ್ ಮಾಡಿದ್ರೆ ಕಟಕಟ ಅನ್ನುತ್ತೆ. ಒಮ್ಮೊಮ್ಮೆ ಅರ್ಧಕ್ಕೇ ನಿಂತುಹೋಗುತ್ತೆ. ಇದು ಹೇಗಿತ್ತೋ ಹಾಗೇ ಇರ್ಬೇಕು. ಅಷ್ಟೇ ನಂಗೆ ಬೇಕಾಗಿರೋದು," ಅಂದಳು ಅವಳು.

"ಹಾಗೇ ಯಾಕೆ? ಅದಕ್ಕಿಂತ ಚೆನ್ನಾಗಿ ಮಾಡ್ಕೊಡ್ತೀನಿ!"

ಆ ಮಾತನ್ನು ಅವಳು ಅಲ್ಲೇ ತಡೆಯಬೇಕಿತ್ತು. ತಡೆಯಲಿಲ್ಲ. ಈಚೆಗೆ ಅವಳು ಯಾವುದನ್ನೂ ತಡೆಯುತ್ತಿರಲಿಲ್ಲ.

ಕಂಪ್ಯೂಟರ್ ನಿಧಾನವಾಗಿ ತೆರೆದುಕೊಂಡಿತು. ಪರದೆಯ ತುಂಬ ಕಡು ಹಸಿರು, ಮೇಲೆ ತೆಳ್ಳಗಿನ ಒಂದು ಪಟ್ಟಿ, ಅದರ ತುದಿಗೆ ಗಡಿಯಾರ. ಮೂಲೆಯ ಹಳದಿ ಬಟನ್ ಒಂದನ್ನು ಬಿಟ್ಟರೆ ಒಂದೇ ಒಂದು ಐಕಾನ್ ಇಲ್ಲ. ಅವನು ಒಂದೆರಡು ಕೀಲಿ ಒತ್ತಿ ನೋಡಿದ. ಪರದೆಯ ಕಿಟಕಿಗಳು ತಾವಾಗಿಯೇ ಜಾಗ ಮಾಡಿಕೊಂಡು ಪಕ್ಕಪಕ್ಕದಲ್ಲಿ ಕೂತವು. ಅವನು ಕುರ್ಚಿಯಿಂದ ಎದ್ದೇ ನಿಂತ.

"ಯಾರ್ರೀ ಇದನ್ನ ಮಾಡಿದ್ದು?"

"ಅಮ್ಮ."

"ಅಮ್ಮಾನಾ!"

"ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್. ರಿಟೈರ್ ಆದ್ಮೇಲೆ ಪುಸ್ತಕ ನೋಡ್ಕೊಂಡು ಕಲಿತದ್ದು. ಮೌಸ್ ಕಂಡ್ರೆ ಆಗಲ್ಲ. ಕೈ ಕೀಲಿ ಬಿಟ್ಟು ಯಾಕೆ ಅಲೀಬೇಕು ಅಂತಾರೆ."

ಅಂತಾರೆ... ಅನ್ನುತ್ತಿದ್ದರು ಎನ್ನಬೇಕಿತ್ತು. ನಾಲಿಗೆ ಹೊರಳಲಿಲ್ಲ.

"ಅವರನ್ನೂ ಕರ್ಕೊಂಡು ಬರ್ಬಾರ್ದಾ! ಹೇಗಿದ್ದಾರೆ?"

"ಚೆನ್ನಾಗಿದ್ದಾರೆ," ಅಂದಳು ಅವಳು.

ಸುಳ್ಳು ಎಷ್ಟು ಸುಲಭವಾಗಿ ಹೊರಟಿತೆಂದರೆ, ಎದೆ ಡವ್ ಎನ್ನಲೂ ಇಲ್ಲ.

ಎದೆಯ ಕಥೆಯೇ ಅದು. ಅಮ್ಮ ಆಸ್ಪತ್ರೆಯಿಂದ ವಾಪಸ್ ಬರದ ದಿನದಿಂದ ಅವಳು ಅತ್ತಿಲ್ಲ. ದುಃಖವಾಗಿದ್ದರೆ ಅದಾದರೂ ಒಂದಿದೆ ಎನ್ನಬಹುದಿತ್ತು. ಇದು ಏನೂ ಅಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಸೂರಗಳನ್ನು ಫ್ರೇಮಿನ ಅಳತೆಗೆ ಉಜ್ಜುವುದು ಅವಳ ಕೆಲಸ. ಕೈಗೆ ಕೆಲಸ ಗೊತ್ತಿತ್ತು, ಕೈ ಮಾಡುತ್ತಿತ್ತು. ಚಹಾ ಆರಿದೆಯೋ ಬಿಸಿಯಿದೆಯೋ ಲೋಟ ಖಾಲಿಯಾದ ಮೇಲೂ ತಿಳಿಯುತ್ತಿರಲಿಲ್ಲ.

ಡಿಸ್ಕ್ ಸಾಯುವ ಸ್ಥಿತಿಯಲ್ಲಿದೆ, ಎಲ್ಲವನ್ನೂ ಹೊಸದಕ್ಕೆ ನಿಧಾನವಾಗಿ ಸಾಗಿಸಬೇಕು ಅಂದ ಪೆಂಗ್ವಿನ್. ಮೂರು ಭಾನುವಾರ ಬೇಕಾಯಿತು. ಮೂರು ಭಾನುವಾರವೂ ಅವಳು ಹೋಗಿ ಅವನ ಪಕ್ಕದಲ್ಲಿ ಕೂತಳು. ಅವನು ಬಿಡುವಿಲ್ಲದೆ ಮಾತಾಡಿದ.

"ನಮ್ಮಲ್ಲಿ ಮುಚ್ಚುಮರೆ ಇಲ್ಲ ನೋಡಿ. ಒಳಗೇನಿದೆ ಅಂತ ಯಾರು ಬೇಕಾದ್ರೂ ನೋಡ್ಬಹುದು, ಬದಲಾಯಿಸ್ಬಹುದು. ಆದ್ರೆ ಒಂದು ಪದ್ಧತಿ. ಏನು ಬದಲಾಯಿಸಿದೆ, ಯಾಕೆ ಬದಲಾಯಿಸಿದೆ ಅಂತ ಒಂದು ಸಾಲು ಬರೆದಿಡ್ಬೇಕು. ನಿಮ್ಮಮ್ಮನೂ ಹಾಗೇ ದಾಖಲೆ ಇಟ್ಟಿದ್ದಾರೆ. ನಾನೂ ಅದರ ಕೆಳಗೇ ಬರೀತಿದ್ದೀನಿ."

"ಹೂಂ."

"ಅಮ್ಮಂಗೆ ಕೇಳಿ, ಈ ಹಸಿರು ಎಲ್ಲಿಂದ ಹಿಡಿದ್ರು ಅಂತ."

"ಕೇಳ್ತೀನಿ."

ಅವನ ಮಾತಿನಲ್ಲಿ ಅಮ್ಮ ಇನ್ನೂ ಇದ್ದಳು. ಚಹಾ ಕುಡಿಯುತ್ತಿದ್ದಳು, ಹಸಿರು ಆರಿಸುತ್ತಿದ್ದಳು. ಇಡೀ ಊರಿನಲ್ಲಿ ಅಮ್ಮ ಬದುಕಿದ್ದ ಜಾಗ ಆ ಮೇಜೊಂದೇ. ಅದಕ್ಕೇ ಅವಳು ಹೋಗುತ್ತಿದ್ದಳು... ಅದಕ್ಕೇನಾ?

ಮನೆಯಲ್ಲಿ ಜೊತೆಗಿದ್ದ ಚಿಕ್ಕಮ್ಮನಿಗೆ ಬೇರೆಯೇ ಅನುಮಾನ.

"ಭಾನುವಾರ ಬಂದ್ರೆ ತಲೆ ಬಾಚ್ಕೊಂಡು ಹೊರಡ್ತೀಯಲ್ಲೇ! ಹುಷಾರಾಗ್ತಿರೋದು ಕಂಪ್ಯೂಟರೋ, ನೀನೋ?"

"ಸುಮ್ನಿರಿ ಚಿಕ್ಕಮ್ಮಾ."

ಮೂರನೆಯ ಭಾನುವಾರ ಅವನು ಮದುವೆಗೆ ಹೊರಟವನಂತೆ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ.

"ನೋಡಿ! ಸದ್ದಿಲ್ಲ, ಚಿಟಿಕೆ ಹೊಡೆಯೋದ್ರಲ್ಲಿ ತೆರ್ಕೊಳ್ಳುತ್ತೆ. ಸಣ್ಣಪುಟ್ಟ ತಪ್ಪುಗಳನ್ನೂ ತೆಗೆದುಹಾಕಿದ್ದೀನಿ. ಗಡಿಯಾರ ಏಳು ನಿಮಿಷ ಮುಂದಿತ್ತು, ಸರಿ ಮಾಡ್ದೆ. ದಿನಾ ನಾಲ್ಕೂವರೆಗೆ ಪರದೆ ಸುಮ್‌ಸುಮ್ನೆ ಮಬ್ಬಾಗ್ತಿತ್ತು, ನಿಲ್ಲಿಸ್ದೆ. ಆಮೇಲೆ ಮೂಲೆಯಲ್ಲಿ ದಪ್ಪಗೆ ಹಳದಿ ಬಟನ್ ಒಂದು. 'ಇಲ್ಲಿ ಒತ್ತು' ಅಂತ! ಅಷ್ಟು ಚೆಂದದ ಪರದೆಗೆ ದೃಷ್ಟಿಬೊಟ್ಟಿನ ಹಾಗೆ. ಯಾವುದೋ ಪರೀಕ್ಷೆಗೆ ಹಾಕಿ ಮರೆತಿರ್ಬೇಕು. ತೆಗೆದುಬಿಟ್ಟೆ."

ಅವಳು ಪರದೆಯನ್ನೇ ನೋಡಿದಳು. ಬಲಗಡೆಯ ಮೂಲೆ ಖಾಲಿಯಾಗಿತ್ತು. ಅಮ್ಮನ ಫೋಟೋ, ಅಮ್ಮ ಧ್ವನಿಮುದ್ರಿಸಿಟ್ಟ ಹಾಡು ಎಲ್ಲಕ್ಕೂ ಅವಳಿಗೆ ಗೊತ್ತಿದ್ದ ದಾರಿ ಆ ಬಟನ್ ಒಂದೇ. ದಿನಾ ಮಲಗುವ ಮುಂಚೆ ಒಮ್ಮೆ ಒತ್ತುತ್ತಿದ್ದಳು.

"ಅಮ್ಮ ನೋಡಿ ಏನಂದ್ರು ಅಂತ ಹೇಳ್ಬೇಕು, ಆಯ್ತಾ?"

"ಅಮ್ಮ ಇಲ್ಲ," ಅಂದಳು ಅವಳು. "ಸತ್ತು ಎಂಟು ತಿಂಗಳಾಯ್ತು. ಅವರು ಇದ್ದದ್ದು ಇಷ್ಟರಲ್ಲೇ. ಅದನ್ನೂ ನೀವು ತಪ್ಪು ಅಂತ ತೆಗೆದ್ರಿ."

ಅವಳು ದನಿ ಏರಿಸಲಿಲ್ಲ, ಅಳಲೂ ಇಲ್ಲ. ಬಸ್ಸಿನ ಸಮಯ ಹೇಳುವಷ್ಟೇ ಸಪಾಟಾಗಿ ಹೇಳಿ, ಹೊದಿಕೆ ಸುತ್ತಿ, ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದಳು.

ಎರಡು ಭಾನುವಾರ ಹಾಗೇ ಕಳೆದವು. ಕಂಪ್ಯೂಟರನ್ನು ಅವಳು ಆನ್ ಮಾಡಲಿಲ್ಲ. ಒಂದು ಸಂಜೆ ಮಾತ್ರ, ಯಾವ ಕಾರಣವೂ ಇಲ್ಲದೆ, ಲಿಫ್ಟಿನ ಬಾಗಿಲು ಮುಚ್ಚುವ ಸದ್ದಿಗೆ ತಿರುಗಿ ನೋಡಿದಳು. ಯಾರನ್ನು ಹುಡುಕಿದೆ ನಾನು? ಉತ್ತರ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ನಡೆದಳು.

ಮೂರನೆಯ ವಾರ, ಶನಿವಾರ ಮಧ್ಯಾಹ್ನ, ಬಾಗಿಲ ಗಂಟೆ ಸದ್ದಾಯಿತು. ಚಿಕ್ಕಮ್ಮ ತೆರೆದರು.

"ಪುಟ್ಟೀ, ನಿನ್ನ ಡಾಕ್ಟ್ರು ಬಂದಿದ್ದಾರೆ! ನಾನು ಪಕ್ಕದ್ಮನೆಗೆ ಹೋಗ್ಬರ್ತೀನಿ, ಅಲ್ಲೇನೋ ಕೆಲಸ ಇದೆ." ಪಕ್ಕದ ಮನೆಯಲ್ಲಿ ಅವರಿಗೆ ಎಂದೂ ಯಾವ ಕೆಲಸವೂ ಇರುತ್ತಿರಲಿಲ್ಲ.

ಅವನು ರಿಪೇರಿ ರಿಜಿಸ್ಟರಿನ ವಿಳಾಸ ಹಿಡಿದು ಬಂದು ಹೊಸ್ತಿಲ ಹೊರಗೇ ನಿಂತಿದ್ದ. ಕೆಲಸದ ಬಟ್ಟೆ, ಉಗುರಲ್ಲಿ ಗ್ರೀಸ್.

"ನಾನು ತೆಗೆದದ್ದೆಲ್ಲ ವಾಪಸ್ ಬರುತ್ತೆ. ಅದನ್ನ ಅವತ್ತೇ ಹೇಳ್ಬೇಕಿತ್ತು, ಬಾಯಿ ಬರ್ಲಿಲ್ಲ. ದಾಖಲೆ ಇದೆಯಲ್ಲ... ನನ್ನ ಮೂರು ಬದಲಾವಣೆ ಅಳಿಸಿದ್ರೆ ನಿಮ್ಮಮ್ಮ ಬಿಟ್ಟುಹೋದ ಹಾಗೇ ಆಗುತ್ತೆ. ಅವ್ರು ಬರೆದದ್ದನ್ನ ಓದದೇನೇ ತಿದ್ದಿದ್ದೆ, ಆಮೇಲೆ ಡಿಸ್ಕ್ ಬದಲಾಯಿಸುವಾಗ ಮಾಡಿ ಮನೇಲಿಟ್ಟಿದ್ದ ನಕಲಲ್ಲಿ ಆ ದಾಖಲೆ ತೆರೆದೆ. ಎರಡು ಸಾಲು ಓದಿ ನಿಲ್ಲಿಸ್ದೆ. ಅದು ನಾನು ಓದೋದಲ್ಲ."

ಅವಳು ದಾರಿ ಬಿಟ್ಟಳು.

ಐದೇ ನಿಮಿಷದ ಕೆಲಸ. ಗಡಿಯಾರ ಏಳು ನಿಮಿಷ ಮುಂದಕ್ಕೆ ಜಿಗಿಯಿತು. ಮೂಲೆಯಲ್ಲಿ ಹಳದಿ ಬಟನ್ ದಪ್ಪಗೆ ಬಂದು ಕೂತಿತು. ಅವನು ಒಂದು ಪುಟ ತೆರೆದು, ಕುರ್ಚಿ ಅವಳಿಗೆ ಬಿಟ್ಟು, ಕಿಟಕಿಯ ಕಡೆ ಮುಖ ಮಾಡಿ ನಿಂತ.

ದಿನಾಂಕ, ಅದರ ಮುಂದೆ ಒಂದೆರಡು ಸಾಲು. ನಾನೂರಕ್ಕೂ ಮೀರಿ ಇದ್ದವು.

'ಗಡಿಯಾರ ಏಳು ನಿಮಿಷ ಮುಂದಿಟ್ಟೆ. ಪುಟ್ಟಿಗೆ ಹೇಳಬಾರದು. ಹೇಳಿದರೆ ಲೆಕ್ಕ ಹಾಕಿಕೊಂಡು ಮತ್ತೆ ಬಸ್ಸು ತಪ್ಪಿಸಿಕೊಳ್ಳುತ್ತಾಳೆ.'

ನಂಗೊತ್ತಿತ್ತು ಅಮ್ಮಾ... ಗೊತ್ತಿದ್ದೂ ಓಡ್ತಿದ್ದೆ.

'ನಾಲ್ಕೂವರೆಗೆ ಪರದೆ ಮಬ್ಬಾಗಬೇಕು. ಇಲ್ಲದಿದ್ದರೆ ನಾನು ಏಳುವುದಿಲ್ಲ. ಪುಟ್ಟಿ ಬರುವ ಹೊತ್ತಿಗೆ ಚಹಾ ಇರುವುದಿಲ್ಲ.'

ಅವಳು ಅಮ್ಮನ ಕೊನೆಯ ಸಾಲಿಗೆ ಬಂದಳು. ಆಸ್ಪತ್ರೆಗೆ ಸೇರುವ ಹಿಂದಿನ ದಿನದ್ದು.

'ಮೂಲೆಗೆ ಹಳದಿ ಬಟನ್ ಹಾಕಿದೆ. ನೋಡಲು ಚೆನ್ನಾಗಿಲ್ಲ. ಇರಲಿ. ಪುಟ್ಟಿಗೆ ಕೀಲಿಗಳು ನೆನಪಿರುವುದಿಲ್ಲ. ಇನ್ನು ಇದನ್ನು ಬಳಸುವವಳು ಅವಳೇ.'

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಅಮ್ಮನಿಗೆ ಗೊತ್ತಿತ್ತು! ಗೊತ್ತಿದ್ದೇ, ಜೀವಮಾನದಲ್ಲಿ ಮೌಸ್ ಮುಟ್ಟದ ಅಮ್ಮ, ಮಗಳಿಗೋಸ್ಕರ ತನ್ನ ಚೆಂದದ ಪರದೆಯನ್ನು ಕೆಡಿಸಿಕೊಂಡಿದ್ದಳು.

ಮೊದಲು ಪರದೆಯ ಅಕ್ಷರಗಳು ಕಲಸಿಹೋದವು. ಆಮೇಲೆ ಕೀಲಿಗಳು ಕಾಣದಾದವು. ಎಂಟು ತಿಂಗಳ ಅಳು ಒಮ್ಮೆಲೇ ಬಂತು, ಬಿಕ್ಕಿಬಿಕ್ಕಿ ಬಂತು. ಅವನು ಹತ್ತಿರ ಬರಲಿಲ್ಲ, ಸಮಾಧಾನ ಹೇಳಲಿಲ್ಲ. ಅಡುಗೆಮನೆಗೆ ಹೋಗಿ, ಡಬ್ಬಿಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿ, ಎರಡು ಲೋಟ ಚಹಾ ಮಾಡಿಕೊಂಡು ಬಂದ.

ಅವಳು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಸುಡ್ತಿದೆ!"

ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು. ನಾಲಿಗೆ ನಿಜಕ್ಕೂ ಸುಟ್ಟಿತ್ತು.

"ನಾನು ಸುಳ್ಳು ಹೇಳಿದೆ ನಿಮ್ಗೆ," ಅಂದಳು. "ನೀವು ಕೇಳ್ದಾಗೆಲ್ಲ ಅಮ್ಮ ಇದ್ದಾರೆ ಅನ್ನಿಸ್ತಿತ್ತು. ಅದಕ್ಕೇ ಹೇಳ್ಲಿಲ್ಲ."

"ನಾನು ಆ ಅಮ್ಮನ್ನ ಮೆಚ್ಚಿಸ್ಬೇಕು ಅಂತಾನೇ ಅಷ್ಟೆಲ್ಲ ತಿದ್ದಿದ್ದು." ಅವನು ನೆಲ ನೋಡುತ್ತಿದ್ದ. "ಅವ್ರು ಮೆಚ್ಚಿದ್ರೆ... ಅವ್ರ ಮಗಳೂ ಮೆಚ್ತಾಳೇನೋ ಅಂತ. ನಂಗೆ ನೀವಂದ್ರೆ ಇಷ್ಟ. ಮೊದಲ ಭಾನುವಾರದಿಂದಾನೂ."

"ನಾನು ಮೊದಲಿನ ಹಾಗಿಲ್ಲ ರೀ. ಒಳಗೆಲ್ಲ ಮರಗಟ್ಟಿಹೋಗಿದೆ. ಅದನ್ನೂ ಸರಿಮಾಡ್ತೀನಿ ಅಂತೀರಾ?"

"ಇಲ್ಲಪ್ಪಾ! ಇನ್ಮೇಲೆ ಕೇಳ್ದೆ ಏನನ್ನೂ ಮುಟ್ಟಲ್ಲ ಅಂತ ಆಣೆ ಹಾಕ್ಕೊಂಡಿದ್ದೀನಿ."

ಅವಳ ತುಟಿಯ ತುದಿ ಅಲುಗಿತು. ನಗು ಅನ್ನುವಷ್ಟಿಲ್ಲ.

"ಹಾಗಾದ್ರೆ ಕೇಳಿ."

"ಏನನ್ನ?"

ಅವಳು ಮೇಜಿನ ಮೇಲೆ ಅಂಗೈ ಬಿಡಿಸಿಟ್ಟಳು. ಪೆಂಗ್ವಿನ್ ಒಂದು ಕ್ಷಣ ಗ್ರೀಸ್ ಮೆತ್ತಿದ ತನ್ನ ಉಗುರು ನೋಡಿಕೊಂಡ.

"ಹಿಡ್ಕೊಳ್ಳಲಾ?"

"ಹೂಂ."

ಇಬ್ಬರೂ ಹಾಗೇ ಕೂತರು. ನಾಲ್ಕೂವರೆಗೆ ಪರದೆ ತಾನಾಗಿಯೇ ಮಬ್ಬಾಯಿತು. ಇಬ್ಬರೂ ಅದನ್ನು ಮೊದಲಿನಂತೆ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ಅವನು ಕತ್ತೆತ್ತಿ ಪರದೆಯ ಗಡಿಯಾರ ನೋಡಿ ಗಡಬಡಿಸಿ ಎದ್ದ.

"ಅಯ್ಯೋ, ಐದಾಯ್ತು! ಐದಕ್ಕೆ ಒಂದು ಲಿಫ್ಟ್ ನೋಡೋಕೆ ಹೋಗ್ಬೇಕಿತ್ತು. ಬಿಡಿ ಕೈ."

"ಕೂತ್ಕೊಳ್ಳಿ," ಅಂದಳು ಅವಳು. "ಅದು ಅಮ್ಮನ ಗಡಿಯಾರ. ಇನ್ನೂ ಏಳು ನಿಮಿಷ ಇದೆ."