ಎರಡು ಪಾಳಿಯ ಮಂಚ

ಸೋಮವಾರ ಬೆಳಿಗ್ಗೆ ಬಂದರು ಠಾಣೆಯ ಬಾಗಿಲು ಗುಡಿಸಿ ಮುಗಿದಿರಲಿಲ್ಲ, ಅಷ್ಟರಲ್ಲಿ ದೂರು ಬಂತು. ತಂದವನು ಹಡಗು ರಿಪೇರಿ ಕಟ್ಟೆಗೆ ಹೊರದೇಶಗಳಿಂದ ಆಳು ಒದಗಿಸುವ ಮೇಸ್ತ್ರಿ. ತನ್ನ ಕೋಣೆಯ ಕಬ್ಬಿಣದ ಕಪಾಟಿನಲ್ಲಿದ್ದ ಮೂವತ್ತೆಂಟು ಪಾಸ್‌ಪೋರ್ಟ್‌ಗಳು ಭಾನುವಾರ ಮಧ್ಯಾಹ್ನದಿಂದ ಕಾಣುತ್ತಿಲ್ಲ, ಬೀಗವನ್ನು ಯಾರೂ ಒಡೆದಿಲ್ಲ ಎಂದು ಅವನು ಒಂದೇ ಉಸಿರಿಗೆ ಹೇಳಿದ.

ಇನ್ಸ್‌ಪೆಕ್ಟರಿಗೆ ವಾರದ ಮೊದಲ ದಿನವೇ ತಲೆ ಸಿಡಿಯುತ್ತಿತ್ತು. ನಿವೃತ್ತಿಗೆ ಎರಡು ವರ್ಷವಿತ್ತು, ಆ ಎರಡು ವರ್ಷ ಮುಗಿಯುವ ಲಕ್ಷಣ ಕಾಣುತ್ತಿರಲಿಲ್ಲ.

“ಪಾಸ್‌ಪೋರ್ಟ್ ನಿಮ್ಮದಾ?”

“ಕೆಲಸಗಾರರದು ಸಾರ್.”

“ಅವರದು ನಿಮ್ಮ ಕಪಾಟಲ್ಲಿ ಏನು ಮಾಡ್ತಿತ್ತು?”

“ಭದ್ರವಾಗಿರಲಿ ಅಂತ ಇಟ್ಕೊಂಡಿದ್ದೆ.”

“ಭದ್ರವಾಗೇ ಇತ್ತು ಬಿಡಿ,” ಎಂದ ಇನ್ಸ್‌ಪೆಕ್ಟರ್. ಪಕ್ಕದಲ್ಲಿದ್ದ ಹೆಡ್ ಕಾನ್ಸ್‌ಟೇಬಲ್ ಕೆಮ್ಮುವ ನೆಪದಲ್ಲಿ ನಕ್ಕ. ಕಳ್ಳತನದ ಎಫ್‌ಐಆರ್ ದಾಖಲಾಯಿತು. ಬೇರೆಯವರ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದೇ ಅಪರಾಧವೆಂದು ಮೇಸ್ತ್ರಿಗೆ ಆಗಲೇ ತಿಳಿಸಿಬಿಡುವ ಅಗತ್ಯ ಇನ್ಸ್‌ಪೆಕ್ಟರಿಗೆ ಕಾಣಲಿಲ್ಲ.

ಆರು ದೇಶಗಳು ಕೂಡಿ ಒಪ್ಪಂದ ಮಾಡಿಕೊಂಡು ವರ್ಷವಾಗಿತ್ತು. ಕಸುಬಿನ ಪ್ರಮಾಣಪತ್ರವೂ ಪಾಸ್‌ಪೋರ್ಟೂ ಇದ್ದವನು ಆ ಆರರಲ್ಲಿ ಎಲ್ಲಿ ಬೇಕಾದರೂ ದುಡಿಯಬಹುದು, ವೀಸಾದ ಗೋಜಿಲ್ಲ. ಮಂತ್ರಿಗಳು ಕೈಕುಲುಕಿದ ಫೋಟೋ ಪೇಪರಿನಲ್ಲಿ ಬಂದಿತ್ತು. ಗಡಿ ದಾಟುವುದೇನೋ ಸಲೀಸಾಯಿತು, ಮೇಸ್ತ್ರಿಯ ಕಪಾಟು ದಾಟುವುದು ಮಾತ್ರ ಮೊದಲಿನಷ್ಟೇ ಕಷ್ಟವಾಗಿತ್ತು. ಆದರೂ ಈ ಸಲ ಒಬ್ಬ ದಾಟುವುದರಲ್ಲಿದ್ದ. ನೀರಿನಡಿಯ ವೆಲ್ಡಿಂಗ್ ಕಲಿತ ಒಬ್ಬ ವೆಲ್ಡರ್ ಗಡಿಯಾಚೆಯ ದೊಡ್ಡ ಕಟ್ಟೆಗೆ ಆಯ್ಕೆಯಾಗಿದ್ದ. ಬುಧವಾರ ಸಂಜೆ ಅವನ ಬಸ್ಸು. ಗುರುವಾರ ಅಲ್ಲಿ ಹಾಜರಾಗದಿದ್ದರೆ ಅವನ ಜಾಗ ಇನ್ನೊಬ್ಬನ ಪಾಲು.

“ಅವನ ಮೇಲೇ ನನಗೆ ಅನುಮಾನ,” ಎಂದ ಮೇಸ್ತ್ರಿ.

“ಬುಧವಾರ ಕೊಡೋಕೆ ನೀವೇ ಒಪ್ಪಿದ್ರಂತೆ. ಮೂರು ದಿನ ಕಾಯದೆ ಊರವರದ್ದೆಲ್ಲ ಕದಿಯೋಕೆ ಅವನಿಗೇನು ಹುಚ್ಚಾ?”

ಆ ದಿನವೆಲ್ಲ ಪಂಚನಾಮೆ, ಕಪಾಟಿನ ಮೇಲಿನ ಬೆರಳಚ್ಚು, ಹೇಳಿಕೆಗಳು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಗೊತ್ತಿಲ್ಲ ಸಾರ್. ವೆಲ್ಡರ್ ಮಾತ್ರ ಠಾಣೆಯ ಬೆಂಚಿನಲ್ಲಿ ಕೂತು ಎದ್ದು, ಎದ್ದು ಕೂತು, ಬಂದುಹೋಗುವ ಕಾನ್ಸ್‌ಟೇಬಲ್‌ಗಳನ್ನೆಲ್ಲ ಸಿಕ್ಕಿತಾ ಎಂದು ಕೇಳುತ್ತಿದ್ದ. ಪಾಪ, ಅವನ ಮುಖ ನೋಡಲಾಗುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಮೇಸ್ತ್ರಿಯೇ ಫೋನ್ ಮಾಡಿದ. ಪಾಸ್‌ಪೋರ್ಟ್‌ಗಳು ವಾಪಸ್ ಬಂದಿದ್ದವು. ಕೆಲಸಗಾರರ ಹಾಸಿಗೆಗಳ ಅಡಿಯಲ್ಲೇ ಸಿಕ್ಕಿದ್ದವು. ಮೂವತ್ತೇಳು ಇದ್ದವು. ವೆಲ್ಡರನದು ಇರಲಿಲ್ಲ.

ಕೆಲಸಗಾರರಿದ್ದ ಶೆಡ್ಡು ಉದ್ದಕ್ಕೆ ಗೋದಾಮಿನ ಹಾಗಿತ್ತು. ಎರಡು ಸಾಲು ಮಂಚ, ಒದ್ದೆ ಬಟ್ಟೆ ನೇತಾಡುವ ಹಗ್ಗ, ಗ್ರೀಸಿನ ವಾಸನೆ. ಹೆಡ್ ಕಾನ್ಸ್‌ಟೇಬಲ್ ಒಂದೊಂದೇ ಹಾಸಿಗೆ ಎತ್ತಿ ತೋರಿಸಿದ. ವೆಲ್ಡರನ ಮಂಚವೊಂದು ಬಿಟ್ಟು ಪ್ರತಿ ಹಾಸಿಗೆಯಡಿಯಲ್ಲಿ ಎರಡು ಪಾಸ್‌ಪೋರ್ಟ್: ಒಂದು ಗೋಡೆಯ ತುದಿಗೆ, ಇನ್ನೊಂದು ಬಾಗಿಲ ಕಡೆಯ ತುದಿಗೆ.

“ಅವಸರದಲ್ಲಿ ಎಲ್ಲೆಂದರಲ್ಲಿ ತುರುಕಿದ್ದಾನೆ ಸಾರ್.”

“ಅವಸರದವನು ಎಲ್ಲ ಮಂಚದಲ್ಲೂ ಹೀಗೇ ತುರುಕ್ತಾನಾ?” ಇನ್ಸ್‌ಪೆಕ್ಟರ್ ಅಲ್ಲಿದ್ದ ಫಿಟ್ಟರನ ಕಡೆ ತಿರುಗಿದ. “ಒಂದು ಮಂಚಕ್ಕೆ ಎರಡು ಯಾಕೆ?”

“ಮಂಚಕ್ಕೆ ಇಬ್ಬರು ಸಾರ್. ನಾನು ಹಗಲು ಪಾಳಿ, ಇನ್ನೊಬ್ಬ ರಾತ್ರಿ ಪಾಳಿ. ನಾನೆದ್ದರೆ ಅವನು ಮಲಗ್ತಾನೆ.”

“ಈ ತುದಿ, ಆ ತುದಿ?”

“ಹಗಲಿನವರು ಗೋಡೆ ಕಡೆ ತಲೆ ಹಾಕ್ತೀವಿ, ರಾತ್ರಿಯವರು ಬಾಗಿಲ ಕಡೆ. ಒಬ್ಬನ ಬೆವರಲ್ಲಿ ಇನ್ನೊಬ್ಬ ಮುಖ ಇಡಬಾರದಲ್ಲ ಸಾರ್. ಹಾಸಿಗೆ ಒಂದೇ ಆದರೂ ತಲೆಗಾದರೂ ಸ್ವಂತ ಜಾಗ ಬೇಡವಾ?”

ಇಷ್ಟು ವರ್ಷ ಆಳು ತಂದ ಮೇಸ್ತ್ರಿಗೆ ಈ ಸಂಗತಿ ಗೊತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಪಾಸ್‌ಪೋರ್ಟ್‌ಗಳ ಫೋಟೋ ಹಿಡಿದು ಮಂಚಮಂಚಕ್ಕೂ ಕೇಳುತ್ತ ಹೋದ. ಒಂದೂ ತಪ್ಪಿರಲಿಲ್ಲ. ಪ್ರತಿಯೊಬ್ಬನದೂ ಅವನವನ ತಲೆಯ ಕೆಳಗೇ ಇತ್ತು.

“ನಿನ್ನ ಮಂಚದ ಜೋಡಿದಾರನ ಹೆಸರೇನು?”

ಫಿಟ್ಟರ್ ತಲೆ ಕೆರೆದುಕೊಂಡ. “ಮುಖಾನೇ ಸರಿಯಾಗಿ ನೋಡಿಲ್ಲ ಸಾರ್. ನಾನು ಬರೋ ಹೊತ್ತಿಗೆ ಅವನು ಹೋಗಿರ್ತಾನೆ.”

“ಹಾಗಾದರೆ ಎರಡೂ ಪಾಳಿಯಲ್ಲಿ ಯಾರ ತಲೆ ಯಾವ ಮಂಚದ ಯಾವ ತುದಿಗೆ ಅಂತ ಗೊತ್ತಿರೋದು ಯಾರಿಗೆ?”

“ಇನ್ಯಾರಿಗೆ, ಅಲಾರಾಂಗೆ!” ಎಂದು ನಕ್ಕವನು ತಕ್ಷಣ ನಾಲಿಗೆ ಕಚ್ಚಿಕೊಂಡ.

ಅಲಾರಾಂ ಎಂದರೆ ಅಡುಗೆಯವನು. ಎರಡೂ ಪಾಳಿಯವರನ್ನು ಭುಜ ಅಲ್ಲಾಡಿಸಿ ಎಬ್ಬಿಸುವುದು ಅವನ ಕೆಲಸ. ಕತ್ತಲಲ್ಲಿ ತಪ್ಪು ತುದಿ ಹಿಡಿದರೆ ಒದೆ ಬೀಳುತ್ತಿತ್ತಂತೆ. ಹಾಗಾಗಿ ಬೇಗ ಕಲಿತಿದ್ದ. ಮೇಸ್ತ್ರಿ ಊಟ ಮಾಡುವುದೂ ಅವನ ಅಡುಗೆಮನೆಯಲ್ಲೇ. ಉಣ್ಣುವಾಗ ಸೊಂಟಕ್ಕೆ ಚುಚ್ಚುತ್ತದೆಂದು ಬೀಗದ ಕೈಗೊಂಚಲನ್ನು ಮೇಜಿನ ಮೇಲಿಡುವ ಅಭ್ಯಾಸ ಮೇಸ್ತ್ರಿಗಿತ್ತು.

ಇನ್ಸ್‌ಪೆಕ್ಟರ್ ವೆಲ್ಡರನನ್ನು ಪಕ್ಕಕ್ಕೆ ಕರೆದ. “ಎಲ್ಲರದ್ದೂ ಕೊಟ್ಟು ನಿನ್ನದೊಂದೇ ಇಟ್ಕೊಂಡಿದ್ದಾರೆ. ಅಡುಗೆಯವರು ನಿನಗೇನಾಗಬೇಕು?”

ಅವನು ನೆಲ ನೋಡಿದ. “ಮಾವ ಸಾರ್. ಹೆಣ್ಣು ಕೊಟ್ಟ ಮಾವ. ನನ್ನನ್ನು ಇಲ್ಲಿಗೆ ಕರೆಸಿದ್ದೂ ಅವರೇ.”

“ಗೊತ್ತಿತ್ತಾ ನಿನಗೆ?”

“ನಿನ್ನೆ ರಾತ್ರಿ ಊಟಕ್ಕೆ ಬಡಿಸುವಾಗ ನನ್ನ ಮುಖ ನೋಡಲಿಲ್ಲ. ಆಗಲೇ ಅನ್ನಿಸ್ತು. ಹೇಗೆ ಹೇಳಲಿ ಸಾರ್, ಮಾವ ಅಲ್ಲವಾ?”

ಅಡುಗೆಯವನು ಈರುಳ್ಳಿ ಹೆಚ್ಚುತ್ತಿದ್ದ. ಅರವತ್ತರ ಹತ್ತಿರದ ಸಣಕಲು ಆಳು. ಪೊಲೀಸರನ್ನು ಕಂಡು ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಏನೂ ಕೇಳುವ ಮೊದಲೇ ಸೊಂಟದ ಪ್ಲಾಸ್ಟಿಕ್ ಚೀಲದಿಂದ ಪಾಸ್‌ಪೋರ್ಟ್ ತೆಗೆದು ಕೊಟ್ಟ. ಪಂಚರ ಮುಂದೆ ಅದನ್ನು ಜಪ್ತಿ ಮಾಡಲಾಯಿತು.

“ಎಲ್ಲ ಯಾಕೆ ತಗೊಂಡಿರಿ?”

“ಮೇಸ್ತ್ರಿ ಎಲ್ಲ ಒಂದೇ ಗಂಟಲ್ಲಿ ಕಟ್ಟಿಟ್ಟಿದ್ದ ಸಾರ್. ಬಿಚ್ಚಿ ಹುಡುಕೋಕೆ ಹೊತ್ತಿರಲಿಲ್ಲ. ನನಗೆ ಓದೋಕೆ ಬರಲ್ಲ, ಆಮೇಲೆ ಫೋಟೋ ನೋಡ್ಕೊಂಡು ಎಲ್ಲರದ್ದೂ ಕೊಟ್ಟೆ. ಅವರದ್ದು ನನಗ್ಯಾಕೆ?”

“ಇದನ್ನ ಸುಟ್ಟುಹಾಕಬಹುದಿತ್ತಲ್ಲ?”

“ಒಲೆ ಹತ್ತಿರ ಹಿಡಿದೆ. ಒಳಗೆ ಅಳಿಯಂದ್ರ ಮುಖ ಇತ್ತು. ಕೈ ಬರಲಿಲ್ಲ.”

ಆ ಮಧ್ಯಾಹ್ನ ಠಾಣೆಯಲ್ಲಿ ಅವನು ಕೊಟ್ಟ ಹೇಳಿಕೆ ದೊಡ್ಡದೇನಲ್ಲ. ಮಗಳು ಹುಟ್ಟಿದ ವರ್ಷ ಊರು ಬಿಟ್ಟವನು. ಆಗ ಒಪ್ಪಂದ ಗಿಪ್ಪಂದ ಏನೂ ಇಲ್ಲ, ಒಮ್ಮೆ ಹೊರಟರೆ ಮರಳಿ ಹೋಗುವುದು ಮೇಸ್ತ್ರಿಗಳ ಮರ್ಜಿ. ಮಗಳ ಮದುವೆಯನ್ನು ಫೋನಿನಲ್ಲಿ ನೋಡಿದ. ಹೆಂಡತಿ ತೀರಿಹೋದಾಗ ಫೋನಿನಲ್ಲೂ ನೋಡಲು ಧೈರ್ಯ ಬರಲಿಲ್ಲ. ಅಳಿಯ ಇಲ್ಲಿದ್ದರೆ ಕಣ್ಣೆದುರಿಗಿರುತ್ತಾನೆ, ವರ್ಷಕ್ಕೊಮ್ಮೆ ಕುತ್ತಿಗೆ ಹಿಡಿದಾದರೂ ಊರಿಗೆ ಕಳಿಸಬಹುದು. ಇನ್ನೂ ಆಚೆ ಹೋದವನನ್ನು ಯಾರು ಕಳಿಸುತ್ತಾರೆ?

“ನನ್ನ ಹೆಂಡತಿ ಗಂಡ ಇದ್ದೂ ಇಲ್ಲದ ಹಾಗೆ ಬಾಳಿದಳು. ಆ ಬಾಳು ಮಗಳಿಗೆ ಬೇಡ ಅಂತ ಮಾಡಿದೆ. ತಪ್ಪೇ ಸಾರ್. ಬರ್ಕೊಳ್ಳಿ.”

ಬಾಗಿಲಲ್ಲಿ ನಿಂತಿದ್ದ ವೆಲ್ಡರ್ ಇದನ್ನೆಲ್ಲ ಕೇಳಿಸಿಕೊಂಡಿದ್ದ. ಅವನಿಗೆ ತಡೆಯಲಾಗಲಿಲ್ಲ.

“ಮಾವ, ಹೋಗಿ ಅಂತ ನನ್ನನ್ನ ಹೊರಡಿಸಿದ್ದೇ ಅವಳು!”

ಅಡುಗೆಯವನು ತಲೆಯೆತ್ತಿದ.

“ನಾನು ಅಲ್ಲಿ ಹೆಚ್ಚಿಗೆ ದುಡಿದರೆ ನೀವು ಈ ಒಲೆ ಬಿಟ್ಟು ಊರಿಗೆ ಬರಬಹುದು ಅಂತ. ಅಪ್ಪನ ಜೊತೆ ಒಂದು ನಾಲ್ಕು ದಿನ ಇರಬೇಕು ಅಂತ ಅವಳ ಆಸೆ. ಕೆಲಸ ಗಟ್ಟಿಯಾಗೋ ತನಕ ಇದನ್ನ ನಿಮಗೆ ಹೇಳಬೇಡಿ ಅಂದಿದ್ದಳು, ನೀವು ಬೇಡ ಅಂತೀರ ಅಂತ.”

ಹೆಡ್ ಕಾನ್ಸ್‌ಟೇಬಲ್ ಪೆನ್ನು ಕೆಳಗಿಟ್ಟು ಹೊರಗೆ ಹೋದ. ಅಡುಗೆಯವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ.

ಬುಧವಾರ ಬೆಳಿಗ್ಗೆ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಇನ್ಸ್‌ಪೆಕ್ಟರ್ ತಾನೇ ನಿಂತು, ಜಪ್ತಿಯಾದ ಪಾಸ್‌ಪೋರ್ಟನ್ನು ಅದರ ಒಡೆಯನಿಗೆ ಬಿಟ್ಟುಕೊಡಲು ಅಭ್ಯಂತರವಿಲ್ಲವೆಂದು ನಿವೇದಿಸಿದ. ಆದೇಶ ಕೈಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮೇಸ್ತ್ರಿಯ ಮೇಲೆ ಬೇರೆ ಪ್ರಕರಣ ದಾಖಲಾಯಿತು. ಉಪಕಾರ ಮಾಡಿದ್ದೇ ತಪ್ಪಾ ಎಂದು ಅವನು ಇಡೀ ಠಾಣೆಗೆ ಕೇಳುವಂತೆ ಕೂಗಾಡಿದ.

ರಿಮ್ಯಾಂಡ್ ಅರ್ಜಿಯಲ್ಲಿ ಇನ್ಸ್‌ಪೆಕ್ಟರ್ ಒಂದು ಸಾಲು ಸೇರಿಸಿದ್ದ: ಆರೋಪಿಗೆ ಲಾಭದ ಉದ್ದೇಶವಿರಲಿಲ್ಲ, ಮಗಳ ಸಂಸಾರದ ಚಿಂತೆಯಿಂದ ಕೃತ್ಯ ಎಸಗಿರುತ್ತಾನೆ. ಶಿಕ್ಷೆ ಮುಗಿದ ಮೇಲೆ ಹೊರದೇಶದವನನ್ನು ಅವನ ಊರಿಗೆ ಕಳಿಸುವುದು ಕಾನೂನು. ಸರ್ಕಾರವೇ ಟಿಕೆಟ್ ತೆಗೆಯುತ್ತದೆ.

ಸಂಜೆ, ವ್ಯಾನು ಜೈಲಿಗೆ ಹೊರಡುವ ಮೊದಲು, ವೆಲ್ಡರ್ ಚೀಲ ಹೆಗಲಿಗೇರಿಸಿ ಬಂದು ಕಿಟಕಿಯ ಜಾಲರಿ ಹಿಡಿದು ನಿಂತ.

“ಹೋಗ್ಲಾ ಮಾವ, ಬೇಡ್ವಾ?”

ಅಡುಗೆಯವನು ಜಾಲರಿ ಹಿಡಿದಿದ್ದ ಅವನ ಬೆರಳುಗಳ ಮೇಲೆ ತನ್ನ ಬೆರಳಿಟ್ಟ.

“ಅವಳು ಹೇಳಿದ್ಮೇಲೆ ನಾನ್ಯಾರು ತಡೆಯೋಕೆ, ಅಳಿಯಂದ್ರೆ? ಹೋಗಿ. ನಾನು ಬರ್ತಿದ್ದೀನಿ ಅಂತ ಅವಳಿಗೆ ಹೇಳಿ. ಹೇಗೆ ಬರ್ತಿದ್ದೀನಿ ಅಂತ ಹೇಳಬೇಡಿ.”