ಹಿಂಬಾಗಿಲು ಕಸಕ್ಕೆ

ಅಮೆರಿಕದ ಮೆಂಫಿಸ್ ಊರಿನಲ್ಲಿ, ಹಿಟ್ಟಿನ ಹಾಳೆಗೆ ಸಿಹಿ ಹೂರಣ ತುಂಬಿ ಬೇಯಿಸುವ ಪೈಗಳ ತನ್ನ ಅಂಗಡಿಯಲ್ಲಿ, ಜೊನೆಲ್ ಗೋಡೆಯ ಫೋಟೊಗಳನ್ನೆಲ್ಲ ಇಳಿಸಿ ಹಿಟ್ಟಿನ ಖಾಲಿ ಡಬ್ಬಕ್ಕೆ ತುಂಬುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಕ್ಷೌರದಂಗಡಿಯ ಥಾಡಿಯಸ್ ಎರಡು ಕಾಫಿ ಹಿಡಿದು ಬಂದ. ಬೋಳು ಗೋಡೆ ನೋಡಿದ. ಅವಳ ಕೈಯಲ್ಲಿ ಉಳಿದಿದ್ದ ಫೋಟೊ ನೋಡಿದ. ಅದರಲ್ಲಿ ಅವರಿಬ್ಬರೂ ಒಂದೇ ಗೆಣಸಿನ ಪೈಗೆ ಕಿತ್ತಾಡುತ್ತ ನಗುತ್ತಿದ್ದರು.

"ನನ್ನನ್ನೂ ಇಳಿಸಿಬಿಟ್ಯಾ?"

"ಬ್ಯಾಂಕಿನವನು ಅಂಗಡಿಗೆ ಬೆಲೆ ಕಟ್ಟೋಕೆ ಬರ್ತಾನೆ ಕಣೋ. ಹೋದ ಸಲ ಬಂದೋನು ನಮ್ಮಜ್ಜಿ ಫೋಟೊ ನೋಡಿದ, ನನ್ನ ಕಪ್ಪು ಮುಖ ನೋಡಿದ, ಅರ್ಧ ಬೆಲೆ ಬರೆದ. ಈ ಸಲ ಕೌಂಟರಲ್ಲಿ ನನ್ನ ಗೆಳತಿ ಹೆದರ್ ನಿಂತ್ಕೋತಾಳೆ, ಅವಳೇ ಓನರ್ ಅಂತ. ಬಿಳಿ ಮುಖಕ್ಕೆ ಪೂರ್ತಿ ಬೆಲೆ ಸಿಗುತ್ತೆ."

ಬೆಲೆ ಬಂದರೆ ಸಾಲ, ಸಾಲ ಬಂದರೆ ದೊಡ್ಡ ಓವನ್. ಓವನ್ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿದ್ದ ಮಳಿಗೆ ಕೈತಪ್ಪುತ್ತಿತ್ತು. ಅದು ಅವನಿಗೂ ಗೊತ್ತು.

"ಹಾಗಾದ್ರೆ ನಾನೂ ಇಲ್ಲಿ ಕಾಣಬಾರದು," ಎಂದ ಥಾಡಿಯಸ್. "ಹಿಂಬಾಗಿಲಿಂದ ಹೋಗ್ತೀನಿ."

ಅವನ ದನಿಯಲ್ಲಿ ಕೊಂಕಿರಲಿಲ್ಲ. ಅದೇ ಅವಳಿಗೆ ಚುಚ್ಚಿತು. ಕಪ್ಪು ಜನರನ್ನು ಮುಂಬಾಗಿಲಿಂದ ಬಿಡದ ಕಾಲದಲ್ಲಿ ಅಜ್ಜಿ ಅರ್ಧ ಆಯಸ್ಸು ಹೋಟೆಲುಗಳ ಹಿಂಬಾಗಿಲಲ್ಲಿ ನಿಂತು ಪೈ ಕೊಟ್ಟವಳು. ಈ ಅಂಗಡಿ ಕಟ್ಟಿಸಿದಾಗ ಹಿಂಬಾಗಿಲು ಕಸಕ್ಕೆ ಮಾತ್ರ ಎಂದು ಕಟ್ಟಪ್ಪಣೆ ಮಾಡಿದ್ದಳು. ಈಗ ಅಜ್ಜಿಯೇ ಡಬ್ಬದಲ್ಲಿದ್ದಳು. ಜೊನೆಲ್‌ಗೆ ತನ್ನ ಮೇಲೆಯೇ ಸಿಟ್ಟು ಉಕ್ಕಿತು.

"ನಿಲ್ಲೋ. ಆ ಡಬ್ಬ ಎತ್ತಿಕೊಡು." ಫೋನ್ ತೆಗೆದು ಹೇಳಿದಳು, "ಹೆದರ್, ಬಾರೇ. ಆದ್ರೆ ಪೈ ತಿನ್ನೋಕೆ ಅಷ್ಟೇ."

ಅಜ್ಜಿ ಗೋಡೆಯ ನಡುವಿಗೆ ಮರಳಿದಳು. ಫೋಟೊ ಕೊಡುವಾಗ ಅವನ ಬೆರಳು ಅವಳ ಹಿಟ್ಟುಗೈಗೆ ತಾಕಿತು. ಬೇಕಾದುದಕ್ಕಿಂತ ತುಸು ಹೆಚ್ಚು ಹೊತ್ತೇ ಅಲ್ಲಿತ್ತು.

"ನನ್ನದೆಲ್ಲಿ?"

"ಬಾಗಿಲಿನ ಎದುರಿಗೆ. ಬಂದ ಕೂಡಲೇ ಕಾಣಲಿ."

ಬ್ಯಾಂಕಿನವನು ಬಂದ. ಅವಳ ಹೆಗಲಾಚೆ ಅಡುಗೆಮನೆಯತ್ತ ಇಣುಕಿ, "ಓನರ್ ಇದಾರಾ?" ಎಂದ.

"ಎದುರಿಗೇ ಇದೀನಲ್ಲ."

ಅವನು ಗೋಡೆಗೆ ತಿರುಗಿದ. "ಇವರು?"

"ಅಜ್ಜಿ. ಇದನ್ನ ಕಟ್ಟಿಸಿದೋಳು."

"ಇವರು?"

"ಪಕ್ಕದ ಅಂಗಡಿಯೋನು. ನನ್ನ ಮದುವೆ ಆಗೋನು. ಅವನಿಗಿನ್ನೂ ಹೇಳಿಲ್ಲ."

ಥಾಡಿಯಸ್‌ಗೆ ಕಾಫಿ ನೆತ್ತಿಗೇರಿತು.

"ಬೆಲೆ ಸರಿಯಾಗಿ ಬರೀರಿ," ಎಂದಳು ಜೊನೆಲ್. "ಕಡಿಮೆ ಬರೆದ್ರೆ ಇನ್ನೊಬ್ಬರನ್ನ ಕರೆಸ್ತೀನಿ, ಅವರೂ ಹಾಗೇ ಮಾಡಿದ್ರೆ ಮತ್ತೊಬ್ಬರನ್ನ. ಫೋಟೊ ಮಾತ್ರ ಇಳಿಸಲ್ಲ."

ಅವನು ಟೇಪು ಹಿಡಿದು ಒಳಗೆ ಅಳೆಯಲು ಹೋದ.

ಥಾಡಿಯಸ್ ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡ. "ಮದುವೆಗೆ ಯಾವ ಬಾಗಿಲಿಂದ ಬರಲಿ?"

"ಮುಂಬಾಗಿಲಿಂದ ಕಣೋ," ಎಂದಳು ಅವಳು. "ನಾನೇ ತೆಗೀತೀನಿ."