ಹಿಂದಿನ ಸೀಟಿನ ತಗಡು

“ಟ್ಯಾಂಕ್ ಬದಲಾಯಿಸಿ, ಹ್ಯಾಂಡಲ್ ಬದಲಾಯಿಸಿ, ಬೇಕಾದ್ರೆ ಇಂಜಿನ್ನನ್ನೇ ಇಳಿಸಿ ಬೇರೆ ಕೂರಿಸಿ. ಹಿಂದಿನ ಸೀಟಿಗೆ ಮಾತ್ರ ಕೈ ಹಾಕ್ಬೇಡಿ, ಸಾರ್. ಅದು ಖಾಲಿ ಇಲ್ಲ,” ಎಂದ ಗ್ಯಾರೇಜಿನ ತಾತ.

ಬೈಕು ಕೊಳ್ಳಲು ಬಂದಿದ್ದವನು ಲಿಫ್ಟ್ ರಿಪೇರಿಯವನು. ಹೆಂಡತಿಯೊಂದಿಗೆ ಆ ಊರಿಗೆ ಬಂದು ಇನ್ನೂ ಎರಡೇ ತಿಂಗಳಾಗಿತ್ತು. ಅವನು ಹಲ್ಲು ಕಿಸಿದ. “ಖಾಲಿ ಇಲ್ವಾ? ಹಾಗಾದ್ರೆ ಟಿಕೆಟ್ ತಗೊಂಡೇ ಕೂತಿರ್ತಾರೆ ಬಿಡಿ, ಯಜಮಾನ್ರೇ!”

ತಾತ ನಗಲಿಲ್ಲ. ಗ್ಯಾರೇಜಿನೊಳಗೆ ಮಧ್ಯಾಹ್ನದಲ್ಲೂ ಕತ್ತಲೆ. ಸುಟ್ಟ ಎಣ್ಣೆ, ಹಳೆಯ ರಬ್ಬರು, ಇಲಿ ಸತ್ತ ವಾಸನೆ ಎಲ್ಲ ಒಂದಾಗಿ ಮೂಗಿಗೆ ಬಡಿಯುತ್ತಿತ್ತು. ಮುದುಕ ಚಿಂದಿ ಬಟ್ಟೆಯಿಂದ ಬೈಕಿನ ಧೂಳು ಒರೆಸಿದ; ಟ್ಯಾಂಕು, ದೀಪ, ಮಡ್‌ಗಾರ್ಡು ಎಲ್ಲ ಒರೆಸಿದ. ಹಿಂದಿನ ಸೀಟಿನ ಹತ್ತಿರ ಬಂದಾಗ ಅವನ ಕೈ ಅದನ್ನು ಸುತ್ತುಹಾಕಿಕೊಂಡು ಆಚೆಗೆ ಹೋಯಿತು. ಆದರೂ ಆ ಸೀಟಿನ ಮೇಲೆ ಒಂದು ಚೂರೂ ಧೂಳಿರಲಿಲ್ಲ. ಅದನ್ನು ಲಿಫ್ಟಿನವನು ನೋಡಿದ, ನೋಡಿ ಮರೆತ.

ಲಿಫ್ಟಿನ ಕಸುಬಿನವರಿಗೆ ಒಂದು ಬಗೆಯ ಸೊಕ್ಕಿರುತ್ತದೆ. ಹತ್ತು ಜನರನ್ನು ಹೊತ್ತ ಪೆಟ್ಟಿಗೆಯನ್ನು ನಾಲ್ಕು ಹಗ್ಗ, ಒಂದು ಎದುರು ತೂಕದ ಮೇಲೆ ಏರಿಸಿ ಇಳಿಸಿ, ಜಗತ್ತೆಲ್ಲ ಬರೀ ತೂಕದ ಲೆಕ್ಕ ಎಂದು ನಂಬಿಬಿಡುತ್ತಾರೆ. ಇವನಿಗಂತೂ ಇನ್ನೊಂದು ರೋಗವೂ ಇತ್ತು. ತನ್ನ ಕೆಲಸಕ್ಕೆ ಬೇರೆಯವರ ಕೈ ತಾಗಬಾರದು. ನಲ್ಲಿಯಿಂದ ಹಿಡಿದು ಹೆಂಡತಿಯ ಹೊಲಿಗೆ ಮಿಷನ್ನಿನವರೆಗೆ ಮನೆಯ ಎಲ್ಲ ರಿಪೇರಿಯೂ ತಾನೇ. ಮೂವತ್ತೆಂಟು ವರ್ಷ ಹಳೆಯ ಬೈಕನ್ನು ತಂದು ಶೆಡ್ಡಿನಲ್ಲಿ ನಿಲ್ಲಿಸಿದ ದಿನ ಅವನ ಮುಖ ನೋಡಬೇಕಿತ್ತು. ಮದುವೆಯ ದಿನವೂ ಹಾಗೆ ಹೊಳೆದಿರಲಿಲ್ಲವಂತೆ. ಹಾಗೆಂದವಳು ಅವನ ಹೆಂಡತಿಯೇ.

ಮೂರು ಭಾನುವಾರ ಶೆಡ್ಡಿನಲ್ಲೇ ಕಳೆದವು. ಟ್ಯಾಂಕಿನೊಳಗೆ ವಿನಿಗರ್ ಸುರಿದು, ಒಂದು ಹಿಡಿ ನಟ್ಟು ಹಾಕಿ, ಮಗುವನ್ನು ತೂಗಿದಂತೆ ತೂಗಿ ತುಕ್ಕು ತೆಗೆದ. ಚೈನನ್ನು ಡೀಸೆಲ್ಲಿನಲ್ಲಿ ನೆನೆಹಾಕಿದ. ಕಾರ್ಬ್ಯುರೇಟರ್ ಬಿಚ್ಚಿ, ಅದರ ಒಂದೊಂದು ತೂತಿಗೂ ಉರುಬಿ ಉರುಬಿ ಬಾಯೆಲ್ಲ ಪೆಟ್ರೋಲ್ ಮಾಡಿಕೊಂಡ. ಗೋಡೆಯ ಆಚೆ ಹೆಂಡತಿ ಶಾಲೆಯ ಮಕ್ಕಳ ಅಂಗಿ ಹೊಲಿಯುತ್ತಿದ್ದಳು. ಇವನ ಸುತ್ತಿಗೆ, ಅವಳ ಮಿಷನ್ನು, ಎರಡೂ ಸದ್ದು ಮಾಡುತ್ತಿದ್ದರೆ ಅದೊಂದು ನೆಮ್ಮದಿಯ ಸಂಸಾರವೇ.

ಒಂದೇ ಒಂದು ಕಿರಿಕಿರಿ. ಯಾರೂ ಕೂರದಿದ್ದರೂ ಬೈಕಿನ ಹಿಂದಿನ ಸ್ಪ್ರಿಂಗು ಮೂರು ಬೆರಳು ಕುಗ್ಗಿಯೇ ಇರುತ್ತಿತ್ತು. ಹಳೆಯ ಶಾಕ್ ಅಬ್ಸಾರ್ಬರ್ ಸತ್ತಿದೆ ಎಂದುಕೊಂಡು ಹೊಸದು ಹಾಕಿದ. ಹೊಸದೂ ಕುಗ್ಗಿತು. ಹಿಂದಿನ ಚಕ್ರದ ಕೆಳಗೆ ತೂಕದ ಮಿಷನ್ ಇಟ್ಟು ನೋಡಿದರೆ, ಇರಬೇಕಾದ್ದಕ್ಕಿಂತ ನಲವತ್ತಾರು ಕಿಲೋ ಹೆಚ್ಚು. ಮಿಷನ್ ಮೇಲೆ ತಾನೇ ನಿಂತ. ಅವನ ತೂಕ ಸರಿಯಾಗೇ ತೋರಿಸಿತು. “ಈ ಮಿಷನ್ ಕೆಟ್ಟಿದೆ,” ಎಂದು ಅದನ್ನು ಮೂಲೆಗೆ ಒದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅವನಿಗೆ ಬೇಕಾಗಿದ್ದದ್ದು ಒಂಟಿ ಸೀಟಿನ ಬೈಕು. ತಗ್ಗಿದ ಹ್ಯಾಂಡಲ್, ಉದ್ದನೆಯ ಟ್ಯಾಂಕು, ಹಿಂದೆ ಬೋಳು. ಚಿತ್ರ ಬರೆದು ಹೆಂಡತಿಗೆ ತೋರಿಸಿದ.

“ಚೆನ್ನಾಗಿದೆ. ನಾನೆಲ್ಲಿ ಕೂತ್ಕೊಳ್ಲಿ?” ಎಂದಳು.

“ನಿಂಗೆ ಬಸ್ಸಿದೆಯಲ್ಲ, ಕಣೇ.”

ಅವಳು ನಕ್ಕಳು. ನಗುವಿನಲ್ಲಿ ಸ್ವಲ್ಪ ನೋವಿತ್ತು. ಅವನಿಗೆ ಅದು ಕಾಣಲಿಲ್ಲ. ಸ್ಪ್ಯಾನರ್ ಹಿಡಿದ ಗಂಡಸಿಗೆ ನಟ್ಟು ಬಿಟ್ಟರೆ ಏನೂ ಕಾಣುವುದಿಲ್ಲ.

ನಾಲ್ಕನೆಯ ಭಾನುವಾರ ಊಟವಾದ ಮೇಲೆ, ಅಕ್ಕಪಕ್ಕದವರು ಸದ್ದಿಗೆ ಬೈಯಬಾರದೆಂದು ಶೆಡ್ಡಿನ ಬಾಗಿಲು ಎಳೆದುಕೊಂಡು ಕಟಿಂಗ್ ಮಿಷನ್ ಹಿಡಿದ. ಬಗ್ಗಿ ಹಿಂದಿನ ಸೀಟಿನ ಅಡಿಗೆ ಇಣುಕಿದರೆ ಅಲ್ಲಿ ಅಂಗೈ ಅಗಲದ ಒಂದು ಸೀಸದ ತಗಡು; ನಾಲ್ಕು ತಾಮ್ರದ ರಿವೆಟ್ಟು ಹೊಡೆದು ಸೀಟನ್ನೂ ಫ್ರೇಮನ್ನೂ ಸೇರಿಸಿ ಕೂರಿಸಿದ್ದರು. ತಗಡಿನ ತುಂಬ ಮೊಳೆಯಿಂದ ಗೀಚಿದ ಗೆರೆಗಳು. ರಿವೆಟ್ಟುಗಳ ಸುತ್ತ ಉದ್ದನೆಯ ಕೂದಲು ಬಿಗಿಯಾಗಿ ಸುತ್ತಿಕೊಂಡಿತ್ತು. “ಮುದುಕನ ಮಾಟ,” ಎಂದು ನಕ್ಕು ಗುಂಡಿ ಒತ್ತಿದ.

ಕಿಡಿ ಹಾರಿತು. ಕಿವಿ ಸೀಳುವ ಸದ್ದು. ಕೂದಲು ಸುಟ್ಟ ನಾತ ಶೆಡ್ಡು ತುಂಬಿತು. ತಗಡು ಎರಡಾಯಿತು. ಫ್ರೇಮಿನ ಬಾಲ ಕಳಚಿ ನೆಲಕ್ಕೆ ಬಿತ್ತು.

ಟಕ್.

ಕುಗ್ಗಿದ್ದ ಸ್ಪ್ರಿಂಗು ಮೂರು ಬೆರಳು ಮೇಲೆದ್ದಿತು. ಯಾರೋ ಬೈಕಿನಿಂದ ಇಳಿದ ಹಾಗೆ. ಅವನ ಮೊಣಕೈ ಪಕ್ಕದಲ್ಲಿ ತಣ್ಣಗಿನ ಗಾಳಿಯೊಂದು ಹಾದುಹೋಯಿತು. ಶೆಡ್ಡಿನಿಂದ ಮನೆಯೊಳಗೆ ಹೋಗುವ ಬಾಗಿಲಿನ ಪರದೆ ಒಮ್ಮೆ ಒಳಕ್ಕೆ ಸರಿದು ಮತ್ತೆ ಜೋತುಬಿತ್ತು. ಗೋಡೆಯ ಆಚೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

ಒಳಗೆ ಹೋಗಿ ನೋಡಿದರೆ ಹೆಂಡತಿ ಕುರ್ಚಿಯ ಪಕ್ಕದಲ್ಲಿ ನಿಂತಿದ್ದಳು. ಮುಖ ಬಿಳಿಚಿತ್ತು.

“ರೀ, ಈ ಕುರ್ಚಿ ಮೇಲೆ ಯಾರೋ ಇದಾರೆ. ಕೂತ್ರೆ... ಯಾರ್ದೋ ಮಡಿಲ ಮೇಲೆ ಕೂತ ಹಾಗಾಗುತ್ತೆ.”

ಅವನು ಕೂತು ತೋರಿಸಿದ. ಏನೂ ಇಲ್ಲ. ಅವಳು ಕೂರಲು ಹೋಗಿ ಚೀರಿ ಎದ್ದಳು. ಮಂಚ, ಸ್ಟೂಲು, ಹೊಸ್ತಿಲು, ಬರಿ ನೆಲ, ಎಲ್ಲಿ ಕೂತರೂ ಅದೇ ತಣ್ಣನೆಯ ಮಡಿಲು. ಮಲಗಿದರೆ ಪಕ್ಕದಿಂದ ತಳ್ಳುತ್ತಿತ್ತು. ಅವನು ಬೈದ, ಸಮಾಧಾನ ಹೇಳಿದ, ಮತ್ತೆ ಬೈದ. ಡಾಕ್ಟರ ಬಳಿಗೆ ಆಟೋದಲ್ಲಿ ಬಗ್ಗಿ ನಿಂತುಕೊಂಡೇ ಹೋದಳು. ಡಾಕ್ಟರು ನಿದ್ದೆಗೆ ಮಾತ್ರೆ ಬರೆದರು. ಮಾತ್ರೆ ನುಂಗಿ ಗೋಡೆಗೆ ಒರಗಿ ನಿಂತೇ ತೂಕಡಿಸಿದಳು. ಹೊಲಿಯಬೇಕಿದ್ದ ಅಂಗಿಗಳನ್ನು ನಿಂತೇ ಹೊಲಿದಳು. ಐದನೆಯ ದಿನಕ್ಕೆ ಕಾಲುಗಳು ಊದಿ ಕಂಬದಂತಾದವು. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು.

“ನಾನು ಸತ್ತುಹೋಗ್ತೀನಿ ಅನ್ಸುತ್ತೆ, ರೀ,” ಎಂದಳು ಆರನೆಯ ದಿನ ಬೆಳಿಗ್ಗೆ. ಅಳಲಿಲ್ಲ. ಅಳುವುದಕ್ಕೂ ಶಕ್ತಿ ಬೇಕು. ಅವಳ ಹಿಂದೆ, ಖಾಲಿ ಕುರ್ಚಿಯ ಮೆತ್ತೆ ಮೂರು ಬೆರಳು ತಗ್ಗಿತ್ತು. ಅದನ್ನು ಲಿಫ್ಟಿನವನು ಕಂಡ. ಅವನಿಗೆ ಮೊದಲ ಸಲ ಹೆದರಿಕೆಯಾಯಿತು.

ಗ್ಯಾರೇಜಿಗೆ ಓಡಿದ. ತಾತ ಎಲ್ಲವನ್ನೂ ಕೇಳಿ ಕೈಯಲ್ಲಿದ್ದ ಚಿಂದಿ ಬಟ್ಟೆ ಕೆಳಗಿಟ್ಟ.

“ಆ ರಿವೆಟ್ಟು ಹೊಡ್ದೋನು ನಾನೇ, ಸಾರ್. ಮಂತ್ರ ಹಾಕ್ದೋನು ಬೇರೆ, ಅವನೀಗ ಇಲ್ಲ. ಆ ಗಾಡಿಯ ಮೊದಲ್ನೇ ಯಜಮಾನನ ಹೆಂಡ್ತಿ ಹಿಂದಿನ ಸೀಟಿಂದ ಬಿದ್ದು ಸತ್ಳು. ಅವನು ವರ್ಷ ತುಂಬೋದ್ರೊಳಗೆ ಇನ್ನೊಬ್ಬಳನ್ನ ತಂದ. ಸತ್ತೋಳು ಮನೆಗೆ ವಾಪಸ್ ಬಂದ್ಳು. ಹೊಸಬಳಿಗೆ ಕೂರೋಕೆ ಜಾಗ ಕೊಡ್ಲಿಲ್ಲ.”

“ಅದಕ್ಕೆ ತಗಡು ಮಾಡಿಸಿದ್ರಾ?”

“ಹೂಂ. ತಗಡಲ್ಲಿ ಯಾರ ಹೆಸರೂ ಇಲ್ಲ. ಮನೇಲಿ ಕೂರೋಕೆ ಜಾಗ ಇಲ್ಲದೋರು ಯಾರೋ, ಅವರನ್ನ ಎಳೆದು ಸೀಟಿಗೆ ಕೂರಿಸುತ್ತೆ. ಅಷ್ಟೇ ಅದರ ಕೆಲಸ. ನಾನು ರಿವೆಟ್ಟು ಹೊಡೆಯೋವಾಗ ಅವನು ಹೊಸ ಹೆಂಡ್ತೀನ ತನ್ನ ಮಡಿಲಲ್ಲಿ ಕೂರಿಸ್ಕೊಂಡಿದ್ದ. ಗಂಡನ ಮಡಿಲೊಂದೇ ಸತ್ತೋಳಿಗೆ ಸಿಗದ ಜಾಗ. ಆವಾಗ ಜಾಗ ಇಲ್ಲದೋಳು ಸತ್ತೋಳಾದ್ಳು. ಸೀಟಿಗೆ ಹೋದ್ಳು.” ತಾತ ಅವನ ಕೈ ಹಿಡಿದ. “ಇದು ಇಬ್ಬರು ಮಾಡೋ ಕೆಲ್ಸ, ಸಾರ್. ಸೀಟಿನ ಫ್ರೇಮ್ ಬೆಸುಗೆ ಹಾಕಿಡಿ. ಸಂಜೆ ನಾನು ಬರ್ತೀನಿ. ನಾನು ಹೊಡೀತೀನಿ. ನೀವು ಆಕೇನ ಮಡಿಲಲ್ಲಿ ಹಿಡ್ಕೊಂಡು ಕೂತಿರಿ. ನಾನಿಲ್ದೆ ಸುತ್ತಿಗೆ ಮುಟ್ಬೇಡಿ.”

ಅವನು ತಲೆಯಾಡಿಸಿದ. ಮನೆಗೆ ಬಂದು ಮಧ್ಯಾಹ್ನದ ಹೊತ್ತಿಗೆ ಫ್ರೇಮಿನ ಬಾಲ ಬೆಸೆದ. ಸೀಟು ಕೂರಿಸಿದ. ತಗಡಿನ ಎರಡು ಹೋಳುಗಳನ್ನು ಜೋಡಿಸಿಟ್ಟ. ನಾಲ್ಕು ಹೊಸ ತಾಮ್ರದ ರಿವೆಟ್ಟು ಸಾಲಾಗಿ ಇಟ್ಟ. ಸಂಜೆಗೆ ಇನ್ನೂ ಮೂರು ಗಂಟೆ. ಒಳಗೆ ಹೆಂಡತಿ ನಿಂತಲ್ಲೇ ನರಳುತ್ತಿದ್ದಳು. ಆ ನರಳಾಟ ಕೇಳಲಾಗಲಿಲ್ಲ.

ಹಿಂದಿನ ದಿನವಷ್ಟೇ ಏನನ್ನೂ ನಂಬದಿದ್ದವನು ಈಗ ತಗಡನ್ನು ನಂಬಿದ. ಮಡಿಲಿನ ಮಾತು ಮಾತ್ರ ಮುದುಕನ ಬಡಾಯಿ ಎನಿಸಿತು. ನಾಲ್ಕು ರಿವೆಟ್ಟು ಹೊಡೆಯಲು ಇನ್ನೊಬ್ಬ ಯಾಕೆ? ತನ್ನ ಶೆಡ್ಡು, ತನ್ನ ಬೈಕು, ತನ್ನ ಹೆಂಡತಿ. ಹಾಳು ಅಭ್ಯಾಸ! ಸುತ್ತಿಗೆ ಎತ್ತಿಕೊಂಡ.

ಒಂದು. ಕೂದಲು ಸುಟ್ಟ ನಾತ ಮತ್ತೆ ಬಂತು.

ಎರಡು. ಶೆಡ್ಡಿನ ಬಲ್ಬು ಮಂಕಾಯಿತು.

ಮೂರು. ಒಳಗೆ ನರಳಾಟ ನಿಂತಿತು. “ರೀ!” ಎಂದು ಒಂದೇ ಒಂದು ಕೂಗು. ಅವನು ನಿಲ್ಲಿಸಲಿಲ್ಲ. ಇನ್ನೊಂದೇ ರಿವೆಟ್ಟು.

ನಾಲ್ಕು.

ಸ್ಪ್ರಿಂಗು ಕೆಳಗಿಳಿಯಿತು. ಮೂರು ಬೆರಳು. ಗೋಡೆಯ ಆಚೆ ಹೊಲಿಗೆ ಮಿಷನ್ನು ಓಡತೊಡಗಿತು.

ಅವನು ಸುತ್ತಿಗೆ ಎಸೆದು ಒಳಗೆ ಓಡಿದ. ಹೆಂಡತಿ ಕುರ್ಚಿಯಲ್ಲಿ ಕೂತಿದ್ದಳು! ಬೆನ್ನು ನೆಟ್ಟಗೆ, ತುಟಿಯಲ್ಲಿ ಸಣ್ಣ ನಗು, ಕಾಲು ಪೆಡಲಿನ ಮೇಲೆ. ಅವನು ಮಂಡಿಯೂರಿ ಅವಳ ಪಾದ ಹಿಡಿದು ಗಳಗಳನೆ ಅತ್ತ. ಪಾದಗಳು ಎಷ್ಟು ನಯವಾಗಿದ್ದವು. ಒಂದಿಷ್ಟೂ ಊತವಿರಲಿಲ್ಲ. ಇಷ್ಟು ಬೇಗ ಇಳಿದುಹೋಯಿತಲ್ಲ ಎಂದು ಅವನಿಗೆ ಹಿಗ್ಗೋ ಹಿಗ್ಗು.

“ಬಾರೇ, ಒಂದು ಸುತ್ತು ಹೋಗಿಬರೋಣ. ಇನ್ಮೇಲೆ ಆ ಸೀಟು ನಿಂದೇ.”

“ನಾನು ಬರಲ್ಲ. ಕೂತೂ ಕೂತೂ ಸಾಕಾಗಿದೆ,” ಎಂದಳು.

ಆರು ದಿನ ನಿಂತವಳ ತಮಾಷೆ ಎಂದುಕೊಂಡು ಅವನು ಕಣ್ಣೊರೆಸಿಕೊಂಡು ನಕ್ಕ. ಓಡಿಸಿ ನೋಡದ ರಿಪೇರಿ ರಿಪೇರಿಯಲ್ಲ, ಒಬ್ಬನೇ ಹೊರಟ. ಇಂಜಿನ್ನು ಒಂದೇ ಒದೆತಕ್ಕೆ ಎದ್ದಿತು. ಬೀದಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಬೈಕಿನ ಹಿಂಭಾಗ ಭಾರವಾಗಿತ್ತು. ನಲವತ್ತಾರು ಕಿಲೋ, ಎಂದುಕೊಂಡ. ಗುಂಡಿಯೊಂದಕ್ಕೆ ಇಳಿದಾಗ ಸ್ಪ್ರಿಂಗು ತಳಕ್ಕೆ ಬಡಿಯಿತು. ಇಲ್ಲ, ಇನ್ನೂ ಹೆಚ್ಚು. ಅರವತ್ತರ ಹತ್ತಿರ. ಹೊಸ ಶಾಕ್ ಅಬ್ಸಾರ್ಬರನ್ನು ಮತ್ತೆ ಬಿಗಿ ಮಾಡಬೇಕು.

ತಿರುವಿನಲ್ಲಿ ಹೆಗಲ ಮೇಲೆ ಒಂದು ಕೈ ಬಿತ್ತು.

“ರೀ, ನಿಧಾನ. ಕಾಲು ನೋಯ್ತಿದೆ.”

ಕನ್ನಡಿಯಲ್ಲಿ ನೋಡಿದ. ರಸ್ತೆ. ಖಾಲಿ ರಸ್ತೆ. ಹೆಗಲ ಮೇಲಿನ ಕೈ ಬೆಚ್ಚಗಿತ್ತು. ಬೈಕು ತಿರುಗಿಸಿದ. ಗೇರು ಬೀಳಲಿಲ್ಲ. ಒದ್ದ. ಬಿತ್ತು. ಯಾರೋ ಅಡ್ಡ ಬಂದರು, ಬೈದರು. ಅವನಿಗೆ ಕೇಳಲಿಲ್ಲ. ಹಿಂದಿನಿಂದ ಬರುತ್ತಿದ್ದ ಏದುಸಿರು ಮಾತ್ರ ಕೇಳುತ್ತಿತ್ತು.

ಮನೆಯ ಗೇಟಿನ ಮುಂದೆ ನಿಲ್ಲಿಸಿದ.

“ಮನೆ ಬಂತಲ್ಲ. ಇಳಿಸ್ರೀ. ನನ್ ಕೈಲಿ ಆಗ್ತಿಲ್ಲ,” ಎಂದಿತು ಹಿಂದಿನ ದನಿ. ಆರು ದಿನ ಅಳದವಳು ಈಗ ಅಳುತ್ತಿದ್ದಳು.

ಅವನು ಕೈಯನ್ನು ಹಿಂದಕ್ಕೆ ಚಾಚಿ ಫುಟ್‌ರೆಸ್ಟಿನ ಮೇಲೆ ತಡವಿದ. ಕೈಗೆ ಒಂದು ಪಾದ ಸಿಕ್ಕಿತು. ಕಾಣದ, ಬಿಸಿಯಾದ, ಊದಿದ ಪಾದ. ಒತ್ತಿದರೆ ಗುಳಿ ಬಿತ್ತು. ಎಳೆದ. ಬರಲಿಲ್ಲ. ಎರಡೂ ಕೈಯಿಂದ ಎಳೆದ. ಅವಳು ಚೀರಿದಳು. ಸೀಟು ಬಿಡಲಿಲ್ಲ.

ಬಾಗಿಲಲ್ಲಿ ಅವನ ಹೆಂಡತಿಯ ಮುಖ ಹೊತ್ತವಳು ಬಂದು ನಿಂತಳು. “ಅಲ್ಲೇ ಯಾಕೆ ನಿಂತಿದ್ದೀರಿ? ಒಳಗೆ ಬನ್ನಿ, ಕೂತ್ಕೊಳ್ಳಿ,” ಎಂದಳು, ಅಕ್ಕರೆಯಿಂದ.

ಶೆಡ್ಡಿನ ಕಡೆ ನೋಡಿದ. ಕಟಿಂಗ್ ಮಿಷನ್ನು ಬೆಂಚಿನ ಮೇಲೇ ಇತ್ತು. ತಗಡು ಕತ್ತರಿಸಲು ಎರಡು ನಿಮಿಷ ಸಾಕು. ಕತ್ತರಿಸಿದರೆ ಬೆನ್ನ ಹಿಂದಿನ ಇವಳು ಎಲ್ಲಿಗೆ ಹೋಗಬೇಕು? ಒಳಗಿನ ಕುರ್ಚಿ, ಮಂಚ, ಹೊಸ್ತಿಲು ಯಾವುದೂ ಅವಳದ್ದಲ್ಲ. ಅವಳ ಮುಖ, ಅವಳ ಮೈ ಕೂಡ ಅವಳದ್ದಲ್ಲ. ಮಡಿಲಿಗೆ ಎತ್ತಿಕೊಳ್ಳೋಣವೆಂದರೆ, ಮೈಯಿಲ್ಲದವಳಿಗೆ ಗಂಡನ ಮಡಿಲೂ ಸಿಗದ ಜಾಗ. ಅವಳಿಗೆ ಈಗ ಇರುವುದು ಇದೊಂದೇ ಜಾಗ.

ಇಂಜಿನ್ನು ಆರಿಸಲಿಲ್ಲ. ಹೆಗಲ ಮೇಲಿನ ಕೈಯ ಮೇಲೆ ತನ್ನ ಕೈ ಇಟ್ಟ. ಆಮೇಲೆ ಸೀಟಿನಲ್ಲಿ ಸ್ವಲ್ಪ ಮುಂದಕ್ಕೆ ಸರಿದು, ಅವಳಿಗೆ ಇನ್ನಷ್ಟು ಜಾಗ ಮಾಡಿಕೊಟ್ಟ.